ತೊಳೆಯದ ಮಡಕೆ

ಗಾಜಿನ ಬಳೆ ನಿಂತುಹೋದದ್ದು ಯಾವ ವರ್ಷ ಅಂತ ಚಳ್ಳಕೆರೆಯಲ್ಲಿ ಯಾರನ್ನು ಬೇಕಾದರೂ ಕೇಳಿ, ಥಟ್ಟನೆ ಹೇಳುತ್ತಾರೆ. ಗೀರುಮಾರಿ ಬಂದ ವರ್ಷ. ಆ ರೋಗಕ್ಕೆ ಉದ್ದನೆಯದೊಂದು ವೈಜ್ಞಾನಿಕ ಹೆಸರಿತ್ತು, ಆದರೆ ಜನಕ್ಕೆ ಅದೆಲ್ಲ ಯಾಕೆ? ಒಡೆದ ಬಳೆಯ ಗೀರು, ಜಾಲಿಮುಳ್ಳಿನ ಗೀರು, ಕ್ಷೌರದ ಕತ್ತಿಯ ಗೀರು, ಎಲ್ಲಿ ಚರ್ಮ ಬಾಯಿ ಬಿಟ್ಟರೂ ಸರಿ, ಆ ಬ್ಯಾಕ್ಟೀರಿಯಾ ಒಳಗೆ ನುಗ್ಗಿ ಮೂರು ದಿನದಲ್ಲಿ ಆಳನ್ನು ಮಲಗಿಸುತ್ತಿತ್ತು. ಯಾವ ಮಾತ್ರೆಗೂ ಬಗ್ಗಲಿಲ್ಲ, ಯಾವ ಇಂಜೆಕ್ಷನ್ನಿಗೂ ಜಗ್ಗಲಿಲ್ಲ. ತಲೆಮಾರುಗಟ್ಟಲೆ ಮನುಷ್ಯರನ್ನು ಕಾಪಾಡಿದ ಆಂಟಿಬಯಾಟಿಕ್‌ಗಳೆಲ್ಲ ಒಂದೊಂದಾಗಿ ಸೋತು ಕೂತವು. ಬಳೆಗಾರರು ರಬ್ಬರ್ ಬಳೆ ಹೊತ್ತು ತಿರುಗಿದರು. ಈಳಿಗೆಮಣೆ ಅಟ್ಟ ಸೇರಿತು. ಮಕ್ಕಳಿಗೆ ಕಿವಿ ಚುಚ್ಚಿಸುವ ಶಾಸ್ತ್ರ ನಿಂತಿತು. ಗಂಡಸರಿಗೆಲ್ಲ ಋಷಿಗಳ ಗಡ್ಡ ಬಂತು.

ಇಷ್ಟೇ ಆಗಿದ್ದರೆ ಹೇಗೋ ಹೊಂದಿಕೊಂಡು ಬದುಕಬಹುದಿತ್ತು. ಆದರೆ ಕೆಲವರ ಮೂಗಿನೊಳಗೆ ಈ ಜಂತು ಸುಮ್ಮನೆ ಬಿಡಾರ ಹೂಡಿಕೊಂಡಿರುತ್ತಿತ್ತು. ಅವರಿಗೆ ಒಂದು ಸೀನೂ ಬರುತ್ತಿರಲಿಲ್ಲ. ಅವರು ಮುಟ್ಟಿದವರಿಗೆ ಮಾತ್ರ ಕಂಟಕ. ಇಂಥವರನ್ನು ಸರ್ಕಾರ ‘ಹೊತ್ತವರು’ ಅಂತ ಕರೆದು ಊರಾಚೆ ಬೇಲಿ ಹಾಕಿ ಇಟ್ಟಿತು. ಚಳ್ಳಕೆರೆಯ ಹೊರಗೆ, ಯಾವತ್ತೋ ಬಾಗಿಲು ಹಾಕಿದ್ದ ಕಡಲೆಕಾಯಿ ಎಣ್ಣೆ ಮಿಲ್ಲೊಂದರಲ್ಲಿ ಇಂಥ ನಲವತ್ತೊಂದು ಜನ ಇದ್ದರು. ಒಬ್ಬೊಬ್ಬರಿಗೂ ಒಂದೊಂದು ಕೋಣೆ. ಮೂರು ವಾರ ಸತತವಾಗಿ ಮೂಗಿನ ಪರೀಕ್ಷೆಯಲ್ಲಿ ‘ಇಲ್ಲ’ ಅಂತ ಬಂದರೆ ಮನೆಗೆ ಹೋಗಬಹುದು ಅನ್ನುವುದು ನಿಯಮ. ಆರು ವರ್ಷದಲ್ಲಿ ಒಬ್ಬರೂ ಹೋಗಿರಲಿಲ್ಲ.

ರುದ್ರಾಂಬ ಅವರಲ್ಲೊಬ್ಬಳು. ಮೊದಲು ಆಸ್ಪತ್ರೆಯೊಂದರಲ್ಲಿ ಸೂಕ್ಷ್ಮಜೀವಿ ತಜ್ಞೆಯಾಗಿದ್ದಳು. ಇಡೀ ದಿನ ಜಂತುಗಳ ಜೊತೆಗೇ ಒಡನಾಟ, ಹಾಗಾಗಿ ಒಂದು ದಿನ ಅವಳ ಮೂಗಿನ ಪರೀಕ್ಷೆಯೂ ‘ಇದೆ’ ಅಂದಿತು. ಅವತ್ತು ಮಗಳು ಇಂಚರಳಿಗೆ ಮೂರು ವರ್ಷ. ಮಲಗಿದ್ದ ಮಗುವನ್ನು ಬಾಗಿಲಿನಿಂದಲೇ ನೋಡಿ ಹೊರಟುಬಂದವಳು ಇವಳು. ಈಗ ಮಗುವಿಗೆ ಒಂಬತ್ತು. ಈ ಆರು ವರ್ಷದಲ್ಲಿ ರುದ್ರಾಂಬ ಒಬ್ಬರ ಮೈಯನ್ನೂ ಮುಟ್ಟಿರಲಿಲ್ಲ, ಅವಳ ಮೈಯನ್ನೂ ಯಾರೂ ಮುಟ್ಟಿರಲಿಲ್ಲ. ಕೆಲವೊಮ್ಮೆ ತನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಕೂರುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ, ಮಗಳನ್ನು ಒಂದು ಸಲ ತಬ್ಬಿಕೊಳ್ಳಬೇಕು. ಅಷ್ಟೇ. ಅದಕ್ಕೇ ಮಿಲ್ಲಿನ ಗೋದಾಮಿನಲ್ಲಿ ಸರ್ಕಾರ ಹಾಕಿಕೊಟ್ಟ ಪುಟ್ಟ ಪ್ರಯೋಗಾಲಯದಲ್ಲಿ ಎತ್ತಿನ ಹಾಗೆ ದುಡಿಯುತ್ತಿದ್ದಳು.

ಎರಡು ವರ್ಷದ ಹಿಂದೆ ಅವಳ ಕೈಗೆ ಒಂದು ನಿಧಿ ಸಿಕ್ಕಿತ್ತು. ಸಿಕ್ಕಿದ ವಾರದಲ್ಲೇ ಅದನ್ನು ತಾನೇ ಕಳೆದುಕೊಂಡಿದ್ದಳು ಅನ್ನುವುದು ಅವಳಿಗೆ ಆಮೇಲೆ ಗೊತ್ತಾಯಿತು.

ನಡೆದದ್ದಿಷ್ಟು. ಹತ್ತು ಮೈಲಿ ಆಚೆಯ ಹಳ್ಳಿಯೊಂದರಲ್ಲಿ ಹನುಮಕ್ಕ ಅಂತ ಒಬ್ಬ ಮುದುಕಿ. ಕಂಬಳಿ ನೇಯುವ ಕುರುಬರ ಮನೆ. ನೇಯ್ದ ಕಂಬಳಿ ಗಡುಸಾಗಬೇಕೆಂದರೆ ಹುಣಸೆ ಬೀಜದ ಗಂಜಿ ಬಳಿಯಬೇಕು. ಬೀಜ ಹುರಿದು, ಸಿಪ್ಪೆ ತೆಗೆದು, ಬೀಸಿ, ಕುದಿಸಿ, ಮಡಕೆಯಲ್ಲಿ ಹುದುಗಲು ಇಡುವ ಗಂಜಿ ಅದು. ಊರಲ್ಲಿ ಗೀರುಮಾರಿಗೆ ಹನ್ನೆರಡು ಜನ ಹೋದರೂ, ಬೆರಳೆಲ್ಲ ಗೀರುಗಳಿದ್ದ ಈ ಮುದುಕಿಗೆ ಏನೂ ಆಗಿರಲಿಲ್ಲ. ಸುದ್ದಿ ಕೇಳಿದ ರುದ್ರಾಂಬ ಒಂದು ಬಾಟಲಿ ಗಂಜಿ ತರಿಸಿಕೊಂಡಳು. ಗಂಜಿಯ ತಿಳಿಯನ್ನು ಗೀರುಮಾರಿ ಜಂತು ಬೆಳೆಸಿದ ತಟ್ಟೆಗೆ ಒಂದು ತೊಟ್ಟು ಬಿಟ್ಟು ನೋಡಿದರೆ, ತೊಟ್ಟು ಬಿದ್ದ ಜಾಗದ ಸುತ್ತ ಜಂತುಗಳೆಲ್ಲ ಸತ್ತು ಬಯಲಾಗಿತ್ತು!

ಇನ್ನೊಂದು ಪರೀಕ್ಷೆಯನ್ನೂ ಮಾಡಿದಳು. ಗಾಜಿನ ಮೇಲೆ ತೆಳ್ಳಗೆ ಕಡಲೆಕಾಯಿ ಎಣ್ಣೆ ಸವರಿ, ಅದರ ಮೇಲೆ ಗಂಜಿಯ ತಿಳಿಯ ಒಂದು ಹನಿ ಇಟ್ಟಳು. ಬರೀ ನೀರಾಗಿದ್ದರೆ ಎಣ್ಣೆಯ ಮೇಲೆ ಹನಿ ಮಣಿಯ ಹಾಗೆ ದುಂಡಗೆ ಕೂರಬೇಕು. ಇದು ಇಟ್ಟ ತಕ್ಷಣ ಚಪ್ಪಟೆಯಾಗಿ ಹರಡಿಕೊಂಡಿತು. ಇದರಲ್ಲಿರುವುದು ಲಿಪೊಪೆಪ್ಟೈಡ್, ಅನುಮಾನವೇ ಇಲ್ಲ.

ಲಿಪೊಪೆಪ್ಟೈಡ್ ಅಂದರೆ ಹೆದರಬೇಡಿ. ಮಣ್ಣಿನಲ್ಲಿ, ಹುದುಗಿದ ಪದಾರ್ಥಗಳಲ್ಲಿ ಬದುಕುವ ಕೆಲವು ಬ್ಯಾಕ್ಟೀರಿಯಾಗಳು ತಮ್ಮ ವೈರಿಗಳನ್ನು ಕೊಲ್ಲಲು ತಯಾರಿಸುವ ಅಸ್ತ್ರ ಅದು. ಒಂದು ತುದಿಯಲ್ಲಿ ಅಮೈನೋ ಆಮ್ಲಗಳ ಪುಟ್ಟ ಉಂಗುರ, ಇನ್ನೊಂದು ತುದಿಯಲ್ಲಿ ಕೊಬ್ಬಿನ ಬಾಲ. ಉಂಗುರಕ್ಕೆ ನೀರು ಇಷ್ಟ, ಬಾಲಕ್ಕೆ ಎಣ್ಣೆ ಇಷ್ಟ. ಅದಕ್ಕೇ ಎಣ್ಣೆಯ ಮೇಲೆ ಹನಿ ಹರಡಿಕೊಂಡದ್ದು. ಬ್ಯಾಕ್ಟೀರಿಯಾದ ಮೈಯ ಪೊರೆ ಇರುವುದೂ ಕೊಬ್ಬಿನಿಂದಲೇ ತಾನೆ? ಉಂಗುರ ಆ ಪೊರೆಗೆ ಅಂಟಿಕೊಳ್ಳುತ್ತದೆ, ಬಾಲ ಮೊಳೆಯ ಹಾಗೆ ಒಳಗಿಳಿಯುತ್ತದೆ. ಇಂಥ ನಾಲ್ಕಾರು ಒಟ್ಟಾದರೆ ಪೊರೆ ತೂತಾಗಿ, ಒಳಗಿನ ಉಪ್ಪು ನೀರೆಲ್ಲ ಸೋರಿ, ಜಂತು ಸಾಯುತ್ತದೆ. ಬೇರೆ ಔಷಧಿಗಳನ್ನು ಜಂತು ಹೊರಗೆ ಉಗುಳಿಯೋ ಕತ್ತರಿಸಿಯೋ ತಪ್ಪಿಸಿಕೊಳ್ಳಬಹುದು. ಇದರಿಂದ ತಪ್ಪಿಸಿಕೊಳ್ಳಬೇಕೆಂದರೆ ತನ್ನ ಪೊರೆಯನ್ನೇ ಬದಲಾಯಿಸಬೇಕು, ಅದು ಅಷ್ಟು ಸುಲಭವಲ್ಲ.

ಆ ವಾರ ರುದ್ರಾಂಬ ತನ್ನ ವೃತ್ತಿಯವರೆಲ್ಲ ಕಣ್ಣುಮುಚ್ಚಿ ಮಾಡುವುದನ್ನೇ ಮಾಡಿದಳು. ಗಂಜಿಯಲ್ಲಿದ್ದ ಹತ್ತಾರು ಬಗೆಯ ಬ್ಯಾಕ್ಟೀರಿಯಾಗಳಲ್ಲಿ ಅಸ್ತ್ರ ತಯಾರಿಸುವ ಜಾತಿ ಯಾವುದೆಂದು ಹುಡುಕಿ, ಅದೊಂದನ್ನೇ ಬೇರೆ ಮಾಡಿ, ತಟ್ಟೆಯಿಂದ ತಟ್ಟೆಗೆ ಎಳೆದೆಳೆದು ಶುದ್ಧ ಮಾಡಿದಳು. ಇವರ ಶಾಸ್ತ್ರದಲ್ಲಿ ಕಲಬೆರಕೆ ಅನ್ನುವುದಕ್ಕಿಂತ ದೊಡ್ಡ ಬೈಗುಳವಿಲ್ಲ. ಒಂದೇ ಒಂದು ಕಣದಿಂದ ಹುಟ್ಟಿದ ಸಂತಾನವನ್ನು ಫ್ರೀಜರಿನಲ್ಲಿ ಜೋಪಾನವಾಗಿಟ್ಟಳು. ಉಳಿದ ಗಂಜಿಯನ್ನು, ನಿಯಮದ ಪ್ರಕಾರ, ಹಬೆಯಲ್ಲಿ ಬೇಯಿಸಿ ಬಿಸಾಡಿದಳು.

ಅಲ್ಲಿಗೆ ಮುಗಿಯಿತು. ಶುದ್ಧವಾದ ಆ ಬ್ಯಾಕ್ಟೀರಿಯಾ ಹೊಟ್ಟೆ ತುಂಬ ತಿಂದಿತು, ದಂಡಿಯಾಗಿ ಬೆಳೆಯಿತು. ಅಸ್ತ್ರವನ್ನು ಮಾತ್ರ ಒಂದು ಚೂರೂ ತಯಾರಿಸಲಿಲ್ಲ. ಸಕ್ಕರೆ ಬದಲಾಯಿಸಿದಳು, ಬಿಸಿ ಬದಲಾಯಿಸಿದಳು, ಹುಣಸೆ ಬೀಜದ ಹಿಟ್ಟನ್ನೇ ಕೊಟ್ಟಳು. ಗೀರುಮಾರಿ ಜಂತುವನ್ನೇ ಎದುರಿಗೆ ತಂದಿಟ್ಟಳು. ಊಹೂಂ, ಅದು ಕಣ್ಣೆತ್ತಿಯೂ ನೋಡಲಿಲ್ಲ. ವಂಶವಾಹಿ ಓದಿಸಿದರೆ ಅಸ್ತ್ರದ ನಕ್ಷೆ ಒಳಗೇ ಇತ್ತು. ಎರಡು ವರ್ಷ, ದಿನಾ ಬೆಳಗ್ಗೆ ಎಣ್ಣೆಯ ಗಾಜಿನ ಮೇಲೆ ಒಂದು ಹನಿ. ದಿನಾ ಅದು ಮಣಿಯ ಹಾಗೆ ದುಂಡಗೆ ಕೂತು ಇವಳನ್ನು ಅಣಕಿಸುತ್ತಿತ್ತು.

“ರುದ್ರಾಂಬ, ಇದನ್ನ ಇನ್ನು ಬಿಟ್ಟುಬಿಡೋಣ,” ಅಂದರು ಡಾಕ್ಟರ್ ಪ್ರಫುಲ್ಲಾ ಒಂದು ದಿನ, ಗೋಡೆಯ ಸ್ಪೀಕರಿನಲ್ಲಿ. ಬೇಲಿಯ ಆಚೆಯ ಕಂಟ್ರೋಲ್ ರೂಮಿನಲ್ಲಿ ಕೂತು ಇವಳ ಕೆಲಸ ನೋಡಿಕೊಳ್ಳುವ ಹಿರಿಯ ಅಧಿಕಾರಿ ಆಕೆ. ಒಳ್ಳೆಯ ಹೆಂಗಸು. “ಮುಂದಿನ ತಿಂಗಳು ಆ ಪ್ರಯೋಗಾಲಯ ಮುಚ್ಚಿ ಅಂತ ಮೇಲಿನಿಂದ ಆದೇಶ ಬಂದಿದೆ. ನನ್ನ ಕೈಲಿ ಏನೂ ಇಲ್ಲಮ್ಮ.”

ಆ ಭಾನುವಾರ ಗಂಡ ತಿಪ್ಪೇಶ ಮಗಳನ್ನು ಕರೆದುಕೊಂಡು ಹಿರಿಯೂರಿನಿಂದ ಬಂದ. ಭೇಟಿಯ ಕೋಣೆಯಲ್ಲಿ ನಡುವೆ ಗಾಜಿನ ಗೋಡೆ, ಮಾತಿಗೆ ಫೋನು. ತಿಪ್ಪೇಶ ಹೈಸ್ಕೂಲ್ ಮೇಷ್ಟ್ರು, ಮಾತು ಕಡಿಮೆ. ‘ಊಟ ಆಯ್ತಾ’, ‘ಮೈಗೆ ಹುಷಾರಾ’ ಇಷ್ಟನ್ನೇ ಆರು ವರ್ಷ ಕೇಳುತ್ತ ಬಂದಿದ್ದ. ಇಂಚರ ತನ್ನ ಕೈಗವಸು ಸರಿಮಾಡಿಕೊಳ್ಳುತ್ತ ಶಾಲೆಯ ಸುದ್ದಿ ಹೇಳಿದಳು.

“ಅಮ್ಮ, ನಂಗೆ ಬಹುಮಾನ ಬಂತು! ಇಡೀ ವರ್ಷ ಯಾರನ್ನೂ ಮುಟ್ಟದೇ ಇದ್ದೋಳು ನಾನೊಬ್ಳೇ ಅಂತ.”

“ಭೇಷ್ ಮಗಳೇ,” ಅಂದಳು ರುದ್ರಾಂಬ. ಅವರು ಹೋದ ಮೇಲೆ ಕೋಣೆಗೆ ಬಂದು ಮುಖ ಮುಚ್ಚಿಕೊಂಡು ಅತ್ತಳು. ಇನ್ನೊಂದು ತಿಂಗಳು, ಆಮೇಲೆ ಆಸೆ ಇಟ್ಟುಕೊಳ್ಳುವುದಕ್ಕೂ ಏನೂ ಉಳಿಯುವುದಿಲ್ಲ.

ಸೋಮವಾರ, ಏನಾದರಾಗಲಿ ಅಂತ, ಹನುಮಕ್ಕನಿಗೆ ಫೋನು ಹಚ್ಚಿದಳು. ಎರಡು ವರ್ಷದಲ್ಲಿ ಆ ಮುದುಕಿಗೆ ಒಂದು ಥ್ಯಾಂಕ್ಸ್ ಕೂಡ ಹೇಳಿರಲಿಲ್ಲ. ನೆನಪಾಗಿ ನಾಚಿಕೆಯಾಯಿತು.

“ಯಾರವ್ವಾ? ಓ, ಗಂಜಿ ತಗಂಡೋದ ಡಾಕ್ಟ್ರಮ್ಮನಾ! ಬದುಕಿದೀಯಾ? ನನ್ನ ಗಂಜಿಯಿಂದ ಏನಾರ ಆತಾ?”

ರುದ್ರಾಂಬ ಎಲ್ಲ ಹೇಳಿದಳು. ಹೇಗೆ ಸೋಸಿದೆ, ಹೇಗೆ ಬೇರೆ ಮಾಡಿದೆ, ಹೇಗೆ ಶುದ್ಧ ಮಾಡಿದೆ ಅಂತ.

ಕೇಳಿದವಳೇ ಹನುಮಕ್ಕ ಸಿಡಿದಳು. “ಅಯ್ಯೋ ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ತೊಳೆದುಬಿಟ್ಯಾ? ಗಂಜಿ ಮಡಕೆ ಯಾವತ್ತಾರ ತೊಳೀತಾರೇನೇ? ನಮ್ಮತ್ತೆ ಕಾಲದ ಮಡಕೆ ಅದು. ಹೊಸ ಗಂಜಿ ಹುಯ್ಯೋ ಮುಂದೆ ತಳದಾಗಿನ ಹಳೇದು ಒಂದು ಸೌಟು ಉಳಸ್ತೀವಿ. ನಾನು ಮದುವ್ಯಾಗಿ ಬಂದ ಹೊಸದ್ರಾಗೆ ಜಾಣತನ ಮಾಡಿ ತಿಕ್ಕಿ ತೊಳೆದಿದ್ದೆ. ಗಂಜಿ ಹುದುಗ್ತು, ವಾಸನೇನೂ ಬಂತು, ಆದ್ರೆ ಕಂಬ್ಳಿಗೆಲ್ಲ ನುಸಿ ಹತ್ತಿತು. ನಮ್ಮತ್ತೆ ಏನಂದ್ಲು ಗೊತ್ತಾ? ‘ಓಣ್ಯಾಗೆ ಒಂದೇ ಮನೆ ಇದ್ರೆ ಯಾರು ಬಾಗ್ಲಿಗೆ ಬೀಗ ಹಾಕ್ತಾರೆ’ ಅಂದ್ಲು.”

ರುದ್ರಾಂಬ ಕೂತ ಕುರ್ಚಿಯಿಂದ ಎದ್ದಳು. ಛೆ, ಎಂಥ ಪೆದ್ದಿ ನಾನು! ನೆರೆಮನೆಯವರಿದ್ದರೆ ತಾನೆ ಜಗಳ? ಜಗಳವಿದ್ದರೆ ತಾನೆ ಅಸ್ತ್ರ? ಆ ಮಡಕೆಯಲ್ಲಿ ಇನ್ನೊಂದು ಜಾತಿ ಇತ್ತು, ತಾನು ಯಾವ ಅಸ್ತ್ರವನ್ನೂ ಮಾಡದ, ಎಲ್ಲರೂ ಕಸ ಅಂತ ಬಿಸಾಡುವ ಒಂದು ಹಳೆಯ ನೆರೆಯವನು. ಎಷ್ಟೋ ಕಾಲದಿಂದ ಅವನ ಜೊತೆ ಜಗಳವಾಡಿಯೇ ಇದು ಅಸ್ತ್ರ ಮಾಡುವುದನ್ನು ಕಲಿತದ್ದು. ಅವನ ಸುಳಿವು ಸಿಕ್ಕರೆ ಮಾತ್ರ ಇದರ ಕುಲುಮೆ ಹೊತ್ತಿಕೊಳ್ಳುತ್ತದೆ. ಅವನನ್ನು ಇವಳು ಬೇಯಿಸಿ ಚರಂಡಿಗೆ ಚೆಲ್ಲಿದ್ದಳು. ಶುದ್ಧ ಮಾಡುತ್ತೇನೆ ಅಂತ ಇದನ್ನು ಒಂಟಿ ಮಾಡಿ ಕೂರಿಸಿದ್ದಳು.

“ಹನುಮಕ್ಕ, ಆ ಮಡಕೆ ಈಗ ಎಲ್ಲಿದೆ?”

“ಎಲ್ಲೈತೆ? ಹ್ವಾದ ವರ್ಷ ನೈರ್ಮಲ್ಯದೋರು ಬಂದು ಹಳೇ ಮಡಕೆ, ಬಾನಿ ಎಲ್ಲಾ ಒಡೆದು ಸುಟ್ರು. ಕಂಬ್ಳಿ ಕೊಳ್ಳೋರೂ ಇಲ್ಲ, ನೇಯೋರೂ ಇಲ್ಲ.” ಮುದುಕಿಯ ದನಿ ಇಳಿಯಿತು. “ನಮ್ಮನೆಯೋರು ಹ್ವಾದ ಮ್ಯಾಲೆ ಮಗ್ಗಾನೂ ಮೂಲೆ ಸೇರ್ತು.”

ಕೈಗೆ ಬಂದ ತುತ್ತು ಎರಡನೇ ಸಲ ಬಾಯಿಗೆ ಬಾರದೇ ಹೋಯಿತು. ರುದ್ರಾಂಬನಿಗೆ ಒಂದೇ ಒಂದು ದಾರಿ ಹೊಳೆಯಿತು. ಆ ನೆರೆಯವನಂಥ ಬ್ಯಾಕ್ಟೀರಿಯಾಗಳು ಊಟ ನೀರು ಸಿಗದಿದ್ದಾಗ ಗಟ್ಟಿ ಚಿಪ್ಪು ಕಟ್ಟಿಕೊಂಡು, ಒಣಗಿದ ಗಂಜಿಯಲ್ಲೇ ವರ್ಷಗಟ್ಟಲೆ ನಿದ್ದೆ ಹೋಗಬಲ್ಲವು.

“ಆ ಮಡಕೆಯ ಗಂಜಿ ಬಳಿದ ಕಂಬಳಿ ಒಂದಾದರೂ ಇದೆಯಾ? ಒಗೆಯದೇ ಇರೋದು?”

“ಐತೆ. ನಮ್ಮನೆಯೋರು ನೇಯ್ದ ಕೊನೇದು. ದಿನಾ ಹೊದ್ಕಂತೀನಿ.”

“ಒಂದು ಅಂಗೈ ಅಗಲದ ತುಂಡು ಕತ್ತರಿಸಿ ಕಳಿಸ್ತೀಯಾ?”

“ಕಂಬ್ಳಿಗೆ ಕತ್ರಿ ಹಾಕ್ತಾರೇನವ್ವ? ದೇವ್ರು ಕೂರೋ ವಸ್ತ್ರ ಅದು.” ಮುದುಕಿ ತಾನೇ ದಾರಿ ಹೇಳಿದಳು. “ಪೂರಾ ಕಳಿಸ್ತೀನಿ. ಯಾವಾಗ ವಾಪಸ್ ಕೊಡ್ತೀಯ?”

ಬೇಲಿಯೊಳಗೆ ಬಂದ ಯಾವ ವಸ್ತುವೂ ಮತ್ತೆ ಹೊರಗೆ ಹೋಗುವ ಹಾಗಿಲ್ಲ. ಕೊನೆಗೆ ಎಲ್ಲಾ ಸುಡುವುದೇ. ರುದ್ರಾಂಬನಿಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ. “ವಾಪಸ್ ಕೊಡೋಕೆ ಆಗಲ್ಲ, ಹನುಮಕ್ಕ.”

“ಹಂಗಾ?” ಅಂದಳು ಹನುಮಕ್ಕ. ಆಮೇಲೆ, “ನಿನಗೆ ಮಕ್ಕಳು?”

“ಒಬ್ಬಳು ಮಗಳು. ಒಂಬತ್ತು ವರ್ಷ. ಮೂರು ವರ್ಷದವಳಿದ್ದಾಗ ಎತ್ತಿಕೊಂಡಿದ್ದೇ ಕೊನೆ.”

ಎರಡನೇ ದಿನ ಕಂಬಳಿ ಬಂತು.

ಕಪ್ಪು ಕಂಬಳಿ, ಅಂಚಿಗೆ ಬಿಳಿ ಗೆರೆ. ಮುದುಕಿ ಎಷ್ಟು ಕಾಲ ಹೊದ್ದಿದ್ದರೂ ಮಡಿಕೆಗಳಲ್ಲಿ ಗಂಜಿ ಇನ್ನೂ ಗಡುಸಾಗಿತ್ತು. ರುದ್ರಾಂಬ ಕತ್ತರಿ ಮುಟ್ಟಲಿಲ್ಲ. ಮಡಿಕೆ ಮಡಿಕೆಯನ್ನೂ ಬೆರಳಿನಲ್ಲಿ ಉಜ್ಜಿ, ಉದುರಿದ ಪುಡಿಯನ್ನು ಒಟ್ಟುಮಾಡಿ, ಹುಣಸೆ ಬೀಜದ ಹೊಸ ಗಂಜಿ ಕಾಯಿಸಿ ಆರಿಸಿ ಅದಕ್ಕೆ ಹಾಕಿದಳು. ಈ ಸಲ ಏನನ್ನೂ ಬೇರೆ ಮಾಡಲಿಲ್ಲ, ಶುದ್ಧ ಮಾಡಲಿಲ್ಲ. ಮೂರನೇ ದಿನ ಗುಳ್ಳೆ ಎದ್ದವು. ನಾಲ್ಕನೇ ದಿನ ಹುಳಿನಾತ. ಐದನೇ ದಿನ ಬೆಳಗ್ಗೆ ತಿಳಿಯನ್ನು ಸೋಸಿ, ಎಣ್ಣೆ ಸವರಿದ ಗಾಜಿನ ಮೇಲೆ ಒಂದು ಹನಿ ಇಟ್ಟಳು.

ಹನಿ ಹರಡಿತು.

“ಮೇಡಂ! ಮೇಡಂ, ನೋಡಿದ್ರಾ?” ಅಂತ ಕ್ಯಾಮೆರಾದ ಕಡೆ ತಿರುಗಿ ಕೂಗಿದಳು. ಸ್ಪೀಕರಿನಲ್ಲಿ ಪ್ರಫುಲ್ಲಾ ನಗುತ್ತಿದ್ದರೋ ಅಳುತ್ತಿದ್ದರೋ ಗೊತ್ತಾಗಲಿಲ್ಲ. ಆ ಖುಷಿಯಲ್ಲಿ ಯಾರನ್ನಾದರೂ ಹಿಡಿದು ಅಲುಗಾಡಿಸಬೇಕು ಅನ್ನಿಸಿತು ರುದ್ರಾಂಬನಿಗೆ. ಸುತ್ತ ನೋಡಿದಳು. ಗೋದಾಮಿನಲ್ಲಿ ಮೇಜು, ಕುರ್ಚಿ, ಫ್ರೀಜರು. ಕುರ್ಚಿಯ ಬೆನ್ನನ್ನೇ ಗಟ್ಟಿಯಾಗಿ ಹಿಡಿದುಕೊಂಡು ನಿಂತಳು.

ಆಮೇಲಿನದ್ದು ದೊಡ್ಡ ಕಥೆಯೇನಲ್ಲ. ಪ್ರಯೋಗಾಲಯ ಮುಚ್ಚುವ ಆದೇಶ ಹಿಂದಕ್ಕೆ ಹೋಯಿತು. ಅಸ್ತ್ರವನ್ನು ಬೇರ್ಪಡಿಸಿ, ವಿಷವಿಲ್ಲವೆಂದು ಏಳು ತಿಂಗಳು ಪರೀಕ್ಷಿಸಿ, ಮೂಗಿನೊಳಗೆ ಸವರುವ ಮುಲಾಮು ಮಾಡಿದರು. ಮೊದಲು ಸವರಿಕೊಂಡವಳು ರುದ್ರಾಂಬ. ಮೊದಲ ವಾರ ‘ಇಲ್ಲ’. ಎರಡನೇ ವಾರ ‘ಇಲ್ಲ’. ಮೂರನೇ ವಾರದ ಫಲಿತಾಂಶ ಬರುವವರೆಗೆ ಅವಳು ಅನ್ನ ಮುಟ್ಟಲಿಲ್ಲ. ಅದೂ ‘ಇಲ್ಲ’. ಹೊರಡುವಾಗ ಉಳಿದ ನಲವತ್ತು ಜನ ತಮ್ಮ ತಮ್ಮ ಬಾಗಿಲಲ್ಲಿ ನಿಂತು ತಟ್ಟೆ ಬಡಿದರು. ಅವರ ಸರದಿಯೂ ಬರುವುದಿತ್ತು. ಹನುಮಕ್ಕನ ಕಂಬಳಿಯನ್ನು ಮಾತ್ರ ನಿಯಮದ ಪ್ರಕಾರ ಸುಟ್ಟರು. ರುದ್ರಾಂಬ ಎಷ್ಟು ಬೇಡಿದರೂ ಬಿಡಲಿಲ್ಲ.

ಹಿರಿಯೂರಿನ ಮನೆ ಹಾಗೇ ಇತ್ತು. ತಿಪ್ಪೇಶ ಬಾಗಿಲು ತೆಗೆದು, ಮುಟ್ಟಲೋ ಬೇಡವೋ ಅಂತ ಅನುಮಾನಿಸಿ, ಕೊನೆಗೆ ಅವಳು ದಾರಿಯಲ್ಲಿ ಕೊಂಡ ಹಣ್ಣಿನ ಚೀಲವನ್ನು ಇಸಿದುಕೊಂಡ. “ಊಟ ಆಯ್ತಾ?” ಅಂದ. ಪಾಪ, ಬೇರೆ ಮಾತು ಅವನಿಗೂ ಮರೆತುಹೋಗಿತ್ತು.

ಇಂಚರ ನಡುಮನೆಯಲ್ಲಿ ನಿಂತಿದ್ದಳು. ಹೊಸ ಫ್ರಾಕು, ಮೊಣಕೈವರೆಗೆ ಕೈಗವಸು. ರುದ್ರಾಂಬ ಮಂಡಿಯೂರಿ ಎರಡೂ ಕೈ ಚಾಚಿದಳು. “ಬಾ ಕಂದಾ.”

ಮಗು ಎರಡು ಹೆಜ್ಜೆ ಹಿಂದೆ ಸರಿಯಿತು. ಕೋಪದಿಂದಲ್ಲ, ಚೆನ್ನಾಗಿ ಬೆಳೆಸಿದ ಮಕ್ಕಳು ಹೀಗೇ ಸರಿಯುವುದು. ಸ್ಟೂಲಿನ ಮೇಲೆ ಒಂದು ಲೋಟ ನೀರು ಇಟ್ಟು, ಮತ್ತೆ ಅಷ್ಟೇ ದೂರಕ್ಕೆ ಹೋಗಿ ನಿಂತು, “ಕುಡೀರಿ ಅಮ್ಮ,” ಅಂದಿತು. ಬಹುವಚನ ಬೇರೆ.

ರುದ್ರಾಂಬ ನೀರು ಕುಡಿದಳು. ಕೈ ಮಡಿಲಿಗೆ ಬಂತು. ಬೇಲಿಯೊಳಗೆ ಒಂಟಿಯಾಗಿದ್ದಾಗ ಹೊರಗೆ ಒಬ್ಬಳು ಕಾಯುತ್ತಿದ್ದಾಳೆ ಅನ್ನುವ ನಂಬಿಕೆಯಾದರೂ ಇತ್ತು. ಈಗ ನಾಲ್ಕು ಮೊಳ ದೂರದಲ್ಲಿ ಮಗಳು ಕೂತಿದ್ದಾಳೆ, ಆರು ವರ್ಷದಲ್ಲಿ ಯಾವತ್ತೂ ಆಗದಷ್ಟು ಒಂಟಿ ಅನ್ನಿಸುತ್ತಿದೆ. ಬಲವಂತ ಮಾಡಲಿಲ್ಲ. ಯಾವ ಬಾಯಲ್ಲಿ ಮಾಡುವುದು? ಮುಟ್ಟದೇ ಇದ್ದುದಕ್ಕೆ ಭೇಷ್ ಅಂದವಳು ಅವಳೇ.

ವಾರ ಕಳೆಯಿತು. ಮಗಳು ತಾಯಿಯ ಜೊತೆ ಮಾತಾಡಿದಳು, ನಕ್ಕಳು, ಪಾಠ ಒಪ್ಪಿಸಿದಳು. ದೂರದಿಂದ. ಭಾನುವಾರ ರುದ್ರಾಂಬ ಹನುಮಕ್ಕನ ಊರಿಗೆ ಹೊರಟಳು. ಕಂಬಳಿ ಸುಟ್ಟ ವಿಷಯವನ್ನು ಫೋನಿನಲ್ಲಿ ಹೇಳುವುದು ಸರಿಯಲ್ಲ ಅಂತ ಅವಳ ಮನಸ್ಸು. ಭಾನುವಾರದ ಬಸ್ಸು ಅಭ್ಯಾಸವಾಗಿದ್ದ ಇಂಚರ ತಾನೂ ಬರುತ್ತೇನೆ ಅಂದಳು. ಒಂದು ಸೀಟು ಬಿಟ್ಟು ಕೂತಳು.

ಜಗುಲಿಯ ಮೇಲೆ ಕೂತಿದ್ದ ಮುದುಕಿ ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು. ಒಬ್ಬರು ಇನ್ನೊಬ್ಬರ ಮುಖ ನೋಡುತ್ತಿದ್ದದ್ದು ಇದೇ ಮೊದಲು.

“ಹನುಮಕ್ಕ, ನಾನು ರುದ್ರಾಂಬ. ನಿನ್ನ ಕಂಬಳಿ...” ಅಂತ ಶುರುಮಾಡಿದಳು. ಮಾತು ಮುಂದಕ್ಕೆ ಹೋಗಲಿಲ್ಲ.

“ಸುಟ್ರೇನು?”

“ಸುಟ್ಟರು.”

ಹನುಮಕ್ಕ ಒಂದು ಗಳಿಗೆ ನೆಲ ನೋಡಿದಳು. “ಹೋಗ್ಲಿ ಬಿಡು. ಅವ್ರು ಹ್ವಾದ್ರು, ಅದೂ ಹೋತು. ನೀನು ಬಂದ್ಯಲ್ಲ,” ಅಂದವಳೇ ಎದ್ದುಬಂದು ರುದ್ರಾಂಬನ ಎರಡೂ ಕೈ ಹಿಡಿದುಕೊಂಡಳು. ಕೈಗವಸಿಲ್ಲ, ಏನಿಲ್ಲ. ಉಣ್ಣೆ ಎಳೆದೆಳೆದು ಮರದ ತೊಗಟೆಯಂತಾದ ಬೆರಳುಗಳು. ಹಿಡಿದವಳು ಬಿಡಲೂ ಇಲ್ಲ. “ಎಷ್ಟು ತಣ್ಣಗೆ ಐತೆ ತಾಯಿ ನಿನ್ನ ಕೈ,” ಅಂತ ಉಜ್ಜತೊಡಗಿದಳು.

ಏಳು ವರ್ಷವಾಗುತ್ತ ಬಂದಿತ್ತು. ಇನ್ನೊಬ್ಬರ ಕೈ ಬಿಸಿಯಾಗಿರುತ್ತದೆ ಅನ್ನುವುದೇ ರುದ್ರಾಂಬನಿಗೆ ಮರೆತುಹೋಗಿತ್ತು. ಅಂಗಳದ ನಡುವೆ ನಿಂತು, ಯಾರು ನೋಡಿದರೂ ನೋಡಲಿ ಅಂತ, ಬಿಕ್ಕಿ ಬಿಕ್ಕಿ ಅತ್ತಳು.

ಇಂಚರ ಅಂಗಳದ ಬೇಲಿಯ ಹತ್ತಿರ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ಒಬ್ಬರು ಇನ್ನೊಬ್ಬರನ್ನು ಹೀಗೆ ಹಿಡಿದುಕೊಂಡಿದ್ದನ್ನು ಅವಳು ಕಂಡಿದ್ದೇ ಇಲ್ಲ. ಹೆದರಿ, ಒಂದು ಹೆಜ್ಜೆ ಮುಂದೆ ಬಂದಳು.

“ಅಮ್ಮ, ನೋವಾಗ್ತಿದ್ಯಾ?”

“ಹೂಂ ಕಣೇ,” ಅಂದಳು ರುದ್ರಾಂಬ.

“ಹಾಗಾದ್ರೆ ಬಿಡಿಸ್ಕೋ.”

“ಇಲ್ಲ ಕಂದಾ,” ಅಂದಳು ರುದ್ರಾಂಬ. “ಬಿಡಿಸ್ಕೊಳಲ್ಲ.”